‘ಆಗಲ್ಲ’ ಅನ್ನಲಾರದ ಸಹಾಯಕರು

ಯಾವ ಊರಿನ ಪ್ರೈಮರಿ ಶಾಲೆಗೆ ಹೋದರೂ ಗೋಡೆಯ ಮೇಲೆ ಒಂದು ಚಾರ್ಟು ತೂಗಾಡುತ್ತಿರುತ್ತದೆ: ‘ನಮ್ಮ ಸಹಾಯಕರು’. ಡಾಕ್ಟರು, ಪೊಲೀಸು, ಅಂಚೆಯಣ್ಣ, ಮೇಷ್ಟ್ರು, ರೈತ, ಬಡಗಿ, ಕಮ್ಮಾರ, ಕುಂಬಾರ, ಅಗಸ. ಕಟ್ಟಕಡೆಯ ಚೌಕದಲ್ಲಿ ಪೊರಕೆ ಹಿಡಿದ ಒಬ್ಬ ಹೆಂಗಸು. ಎಲ್ಲರ ಮುಖದಲ್ಲೂ ನಗು, ಎಲ್ಲರ ಬಟ್ಟೆಯೂ ಮಡಿ. ಮೇಷ್ಟ್ರು ಕಡ್ಡಿಯಿಂದ ಒಂದೊಂದೇ ಚಿತ್ರ ತೋರಿಸುತ್ತಾರೆ, ಮಕ್ಕಳು ರಾಗವಾಗಿ ಹೆಸರು ಹೇಳುತ್ತವೆ. ಇವರೆಲ್ಲ ಏನು ಮಾಡ್ತಾರೆ? ‘ನಮಗೆ ಸಹಾಯ ಮಾಡ್ತಾರೆ ಸಾ!’ ಪಾಠ ಮುಗಿಯಿತು, ಗಂಟೆ ಹೊಡೆಯಿತು.

ನಾನು ಈ ಪಾಠವನ್ನು ಓದಿದವನು, ಆಮೇಲೆ ಮೂವತ್ತು ವರ್ಷ ಮಾಡಿದವನು. ನಮ್ಮಪ್ಪ ಊರಿನ ತೋಟಿ. ಕಾನೂನು ತೋಟಿಕೆಯನ್ನು ತೆಗೆದುಹಾಕಿ ವರ್ಷಗಳಾಗಿದ್ದವು, ಊರು ತೆಗೆದಿರಲಿಲ್ಲ. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಸರದಿಯಂತೆ ಕೇಳುತ್ತಾ ಬಂದರು: ‘ನಿಮ್ಮಪ್ಪ ಏನು ಕೆಲಸ ಮಾಡ್ತಾನೆ?’ ನನ್ನ ಸರದಿ ಬಂತು. ನಾನು ಬಾಯಿ ತೆರೆಯುವ ಮುಂಚೆಯೇ ಮುಂದಿನ ಸಾಲಿನಿಂದ ಒಬ್ಬ ಕೂಗಿದ: ‘ಅವರಪ್ಪ ಸತ್ತ ದನ ಎಳೀತಾನೆ ಸಾ!’ ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಒಳ್ಳೆಯವರು. ‘ನಗಬಾರದು ಕಣ್ರೋ, ಅವರಪ್ಪ ಊರಿಗೆ ಸಹಾಯ ಮಾಡ್ತಾರೆ’ ಅಂದರು. ಸಂಜೆ ಅದನ್ನೇ ಅಪ್ಪನಿಗೆ ಹೇಳಿದೆ. ಅಪ್ಪ ಬೀಡಿ ಆರಿಸಿ ಅಂದ: ‘ಸಹಾಯ ಆಗಿದ್ರೆ ಒಂದಿನ ಆಗಲ್ಲ ಅಂತ ಹೇಳಬೋದಿತ್ತು ಕಣ್ ಮಗ.’

ಅಕ್ಷರ ಬಾರದ ಅಪ್ಪನ ಈ ಒಂದು ಮಾತು ನಾನು ಓದಿದ ಎಷ್ಟೋ ಚರಿತ್ರೆಯ ಪುಸ್ತಕಗಳಿಗಿಂತ ದೊಡ್ಡದು ಅಂತ ಈಗ ಅನ್ನಿಸುತ್ತೆ. ಯಾರಿಗೆ ‘ಆಗಲ್ಲ’ ಅನ್ನುವ ಹಕ್ಕಿತ್ತು, ಯಾರಿಗೆ ಇರಲಿಲ್ಲ? ಚಾರ್ಟಿನ ನಗುಮುಖಗಳ ಹಿಂದಿರುವ ಚರಿತ್ರೆ ಈ ಒಂದು ಪ್ರಶ್ನೆಯಲ್ಲಿದೆ.

*

ಊರಿನ ಸಹಾಯಕರ ಪಟ್ಟಿ ಹೊಸದೇನಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಈ ಸೀಮೆಯ ಚರಿತ್ರೆ ಬರೆದ. ಅದರಲ್ಲಿ ನಮ್ಮ ಹಳ್ಳಿಗಳ ಹನ್ನೆರಡು ಆಯಗಾರರ ಪಟ್ಟಿಯಿದೆ: ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಹಜಾಮ, ಅಕ್ಕಸಾಲಿ. ಇವತ್ತಿನ ಚಾರ್ಟಿನ ಪಕ್ಕ ಇದನ್ನು ಇಟ್ಟು ನೋಡಿ. ಡಾಕ್ಟರು, ಪೊಲೀಸು, ಅಂಚೆಯಣ್ಣ ಹೊಸದಾಗಿ ಬಂದಿದ್ದಾರೆ. ಉಳಿದವರು ಇನ್ನೂರು ವರ್ಷದಿಂದ ನಿಂತಲ್ಲೇ ನಿಂತಿದ್ದಾರೆ.

ಇಂಥ ಪಟ್ಟಿಗಳನ್ನು ನೋಡಿದ ಇಂಗ್ಲಿಷರು ಮರುಳಾದರು. 1830ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ಇಂಡಿಯಾದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳು ಅಂತ ಕರೆದ. ನಮ್ಮ ದೇಶಭಕ್ತರೂ ಅದನ್ನೇ ಹಾಡಿದರು: ಒಬ್ಬರಿಗೊಬ್ಬರು ಆಗುವ ಊರು, ಕೊಟ್ಟು ತಗೊಳ್ಳುವ ಬಾಳು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಈ ಹಾಡನ್ನು ನಿಲ್ಲಿಸಿದರು. ಹಳ್ಳಿ ಅಂದರೆ ಅಜ್ಞಾನದ, ಸಂಕುಚಿತ ಬುದ್ಧಿಯ ಗುಹೆ ಅಂದರು. ಹಳ್ಳಿಯನ್ನು ಕೇರಿಯ ಕಡೆಯಿಂದ ಕಂಡವರಿಗೆ ಅದು ಬೈಗುಳ ಅನ್ನಿಸುವುದಿಲ್ಲ, ವರದಿ ಅನ್ನಿಸುತ್ತೆ.

ಆಯ ಅಂದರೇನು? ಸುಗ್ಗಿಯಲ್ಲಿ ಕಣದಿಂದ ಕೊಡುವ ಕಾಳಿನ ಪಾಲು. ಕೆಲವರಿಗೆ ಅದರ ಜೊತೆ ಒಂದಿಷ್ಟು ಇನಾಂ ಜಮೀನು. ಲೆಕ್ಕದಲ್ಲಿ ಗೌಡನೂ ಆಯಗಾರ, ತೋಟಿಯೂ ಆಯಗಾರ. ಗೌಡನಿಗೆ ಅದು ದರ್ಬಾರು, ತೋಟಿಗೆ ಅದು ಮೂಗುದಾರ. ತೋಟಿಯ ಕೆಲಸಕ್ಕೆ ಮೊದಲೂ ಇಲ್ಲ ತುದಿಯೂ ಇಲ್ಲ. ಡಂಗುರ ಸಾರಬೇಕು. ಅಮಲ್ದಾರರು ಬಂದರೆ ಸಾಮಾನು ಹೊರಬೇಕು, ಮುಂದಿನ ಊರಿನ ತನಕ ದಾರಿ ತೋರಿಸಬೇಕು. ಕಂದಾಯ ಕಟ್ಟದವರನ್ನು ಕರೆತರಬೇಕು. ಪೈರು ಕಾಯಬೇಕು. ಸತ್ತ ದನ ಎಳೆಯಬೇಕು. ಗುಂಡಿ ತೋಡಬೇಕು. ಸಾವಿನ ಸುದ್ದಿಯನ್ನು ಸರಿರಾತ್ರಿಯಲ್ಲಿ ನೆಂಟರ ಊರುಗಳಿಗೆ ಮುಟ್ಟಿಸಬೇಕು. ಎರಡು ಊರಿಗೆ ಎಲ್ಲೆಯ ಜಗಳ ಬಂದರೆ ಹೊಲೆಯರ ಕುಳವಾಡಿಯ ಮಾತೇ ಸಾಕ್ಷಿ. ಅವನು ಮಣ್ಣು ಹೊತ್ತು ನಡೆದ ದಾರಿಯೇ ಗಡಿ. ಊರಿನ ಎಲ್ಲೆಯನ್ನೇ ಅವನ ನಾಲಗೆಯ ಮೇಲೆ ಬಿಟ್ಟ ಊರು ತನ್ನ ಬಾವಿಯ ಹಗ್ಗ ಮುಟ್ಟಲು ಅವನನ್ನು ಬಿಡಲಿಲ್ಲ.

ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರದ ಕಡೆ ಇದಕ್ಕೆ ವತನ ಅನ್ನುತ್ತಿದ್ದರು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಈ ಪದ್ಧತಿಗೆ ಸರಕಾರದ ಮುದ್ರೆ ಒತ್ತಿತು. 1928ರಲ್ಲಿ ಅಂಬೇಡ್ಕರ್ ಮುಂಬೈ ಕೌನ್ಸಿಲ್ಲಿನಲ್ಲಿ ಇದಕ್ಕೆ ತಿದ್ದುಪಡಿ ಮಸೂದೆ ಮಂಡಿಸಿದರು. ಅವರು ಸಭೆಗೆ ಬಿಡಿಸಿ ಹೇಳಿದ ಸಂಗತಿ ಇದು: ವತನದಾರ ಮಹಾರನನ್ನು ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು, ಅವನು ಸಿಗದಿದ್ದರೆ ಮನೆಯ ಬೇರೆ ಯಾರನ್ನಾದರೂ ಹಿಡಿದು ದುಡಿಸಬಹುದು. ಮೇಷ್ಟ್ರುಗಳೇ, ಈ ಕಡೆಯ ಮಾತನ್ನು ಗಮನಿಸಿ. ಅಪ್ಪನಿಗೆ ಜ್ವರ ಬಂದರೆ ಮಗ ಹೋಗಬೇಕು. ಮಗ ಶಾಲೆಯಲ್ಲಿದ್ದರೆ ಶಾಲೆ ಬಿಟ್ಟು ಹೋಗಬೇಕು. ಕೇರಿಯ ಹುಡುಗರ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಯಾಕೆ ಜಾಸ್ತಿ ಅನ್ನುವುದಕ್ಕೆ ಬೇರೆ ಸಂಶೋಧನೆ ಬೇಕೆ?

ಆ ಮಸೂದೆ ಪಾಸಾಗಲಿಲ್ಲ. ಮುಂಬೈ ರಾಜ್ಯದಲ್ಲಿ ಕೆಳಹಂತದ ವತನಗಳು ಹೋದದ್ದು 1958ರ ಕಾಯ್ದೆಯಿಂದ. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರಲ್ಲಿ. ತೋಟಿ ಇನಾಂ ಜಮೀನನ್ನು ತೋಟಿಗಳ ಹೆಸರಿಗೇ ಮರುಮಂಜೂರು ಮಾಡಬೇಕೆಂದು ಕಾಯ್ದೆ ಹೇಳಿತು. ಆದರೆ ಕೇರಿಗೆ ಬಂದ ಎಷ್ಟೋ ಜಮೀನು ಮದುವೆಯ ಸಾಲಕ್ಕೆ, ಹೆಬ್ಬೆಟ್ಟಿನ ಗುರುತಿಗೆ ಊರಿನವರ ಕೈಗೆ ಜಾರಿಹೋಯಿತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯಲು 1978ರಲ್ಲಿ ಇನ್ನೊಂದು ಕಾಯ್ದೆ ತರಬೇಕಾಯಿತು.

*

ಹಾಗಾದರೆ ‘ಆಗಲ್ಲ’ ಅನ್ನುವ ಹಕ್ಕು ಯಾರಿಗೂ ಇರಲಿಲ್ಲವೆ? ಇತ್ತು. ನಮಗೆ ಸಹಾಯ ಮಾಡಬೇಕಾದವರಿಗೆಲ್ಲ ಧಾರಾಳವಾಗಿ ಇತ್ತು. ಗೋಡೆಯ ಚಾರ್ಟನ್ನು ಒಮ್ಮೆ ಹುಡುಗ ಭೀಮರಾಯನ ಕಣ್ಣಿನಿಂದ ನೋಡೋಣ. ಬಾಲ್ಯದ ಈ ಸಂಗತಿಗಳನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ.

ಸಾತಾರದ ಶಾಲೆ. ಹುಡುಗ ಕೂರುವುದಕ್ಕೆ ಮನೆಯಿಂದ ಗೋಣಿತಟ್ಟು ತರಬೇಕು, ಸಂಜೆ ಅದನ್ನು ವಾಪಸು ಒಯ್ಯಬೇಕು. ಶಾಲೆ ಗುಡಿಸುವ ಆಳೂ ಅದನ್ನು ಮುಟ್ಟುವುದಿಲ್ಲ. ಬಾಯಾರಿದರೆ ನಲ್ಲಿ ಮುಟ್ಟುವ ಹಾಗಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಊರಿನಲ್ಲಿ ಅಗಸರಿದ್ದರು, ಕೊಡಲು ಕಾಸೂ ಇತ್ತು. ಬಟ್ಟೆಯನ್ನು ಅಕ್ಕಂದಿರೇ ಒಗೆಯುತ್ತಿದ್ದರು. ಹಜಾಮರಿದ್ದರು, ತಮ್ಮಂದಿರ ತಲೆಗೂದಲನ್ನು ದೊಡ್ಡಕ್ಕನೇ ಕತ್ತರಿಸುತ್ತಿದ್ದಳು. 1901ರಲ್ಲಿ ಅಪ್ಪನನ್ನು ನೋಡಲು ಮಕ್ಕಳು ರೈಲಿನಲ್ಲಿ ಹೊರಟರು. ಮಹಾರರು ಅಂತ ಗೊತ್ತಾದ ಕೂಡಲೆ ಸ್ಟೇಷನ್ ಮಾಸ್ತರನ ಮುಖ ಬದಲಾಯಿತು. ಗಾಡಿಯವರು ಯಾರೂ ಬರಲೊಲ್ಲರು. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ, ಅದೂ ಒಂದು ಕರಾರಿನ ಮೇಲೆ: ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ.

ಚಾರ್ಟಿನಲ್ಲಿ ಇನ್ನು ಉಳಿದವನು ಡಾಕ್ಟರು. 1929ರ ಡಿಸೆಂಬರಿನಲ್ಲಿ ಗಾಂಧೀಜಿಯ ‘ಯಂಗ್ ಇಂಡಿಯಾ’ದಲ್ಲಿ ಕಾಠಿಯಾವಾಡದ ಒಬ್ಬ ದಲಿತ ಶಿಕ್ಷಕನ ಕಥೆ ಅಚ್ಚಾಯಿತು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯ ಒಳಗೆ ಕಾಲಿಡಲಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ, ಅವನು ಗಂಡನ ಕೈಗೆ ಕೊಟ್ಟ, ಗಂಡ ಹೆಂಡತಿಗೆ ಇಟ್ಟ. ಅದು ಮತ್ತೆ ಅದೇ ದಾರಿಯಲ್ಲಿ ವಾಪಸು ಬಂತು. ಖಾಯಿಲೆ ಜೋರಾದಾಗ ಡಾಕ್ಟರು ಬರಲೇ ಇಲ್ಲ. ಹೆಂಗಸು ಸತ್ತಳು.

ಮೇಷ್ಟ್ರು ಏನು ಕಮ್ಮಿ? 1856ರಲ್ಲಿ ನಮ್ಮ ಧಾರವಾಡದ ಸರಕಾರಿ ಶಾಲೆಗೆ ಒಬ್ಬ ಮಹಾರ ಹುಡುಗ ಸೇರಲು ಬಂದ. ಫೀಜು ಕೊಡಲು ತಯಾರಿದ್ದ. ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬೈ ಸರಕಾರದ ತನಕ ಹೋಯಿತು. ಒಬ್ಬ ಹುಡುಗನಿಗಾಗಿ ಶಾಲೆಯೇ ಮಿಕ್ಕವರಿಗೆ ಉಪಯೋಗವಿಲ್ಲದಂತಾದರೆ ಹೇಗೆ ಅಂತ ಸರಕಾರ ಕೈ ತೊಳೆದುಕೊಂಡಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಎರಡು ವರ್ಷದ ಮೇಲೆ ಇಂಗ್ಲೆಂಡಿನ ಕಂಪನಿ ಡೈರೆಕ್ಟರರು ಬರೆದರು. ಕಾಗದ ಬಂತು, ಬಾಗಿಲು ತೆರೆಯಲಿಲ್ಲ. ಇತ್ತ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಬೇರೆ ಶಾಲೆಯನ್ನೇ ಕಟ್ಟಬೇಕಾಯಿತು. ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಉಂಡರು. ಧಾರವಾಡದ ಹುಡುಗನಿಗಿಂತ ಒಂದು ವರ್ಷ ಮುಂಚೆ, 1855ರಲ್ಲಿ, ಪುಣೆಯ ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ ಜಾತಿಯ ಬಾಲೆ ಮುಕ್ತಾಬಾಯಿ ತನ್ನ ಜನರ ಪಾಡನ್ನು ಬರೆದು ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದಳು. ನಮ್ಮ ಹೆಂಗಸರು ಹೆರುವಾಗ ತಲೆಯ ಮೇಲೆ ಸೂರೂ ಇರುವುದಿಲ್ಲ, ಮಳೆಗೆ ಚಳಿಗೆ ಅವರು ಪಡುವ ಕಷ್ಟ ಎಂಥದು ಅಂತ ಕೇಳಿದಳು. ಆಗ ಅವಳಿಗೆ ಹದಿನಾಲ್ಕರ ಆಸುಪಾಸು. ಅಕ್ಷರ ಕೊಟ್ಟರೆ ಮಗು ಏನು ಕೇಳುತ್ತೆ ಅನ್ನುವುದಕ್ಕೆ ಇದು ಸಾಕ್ಷಿ.

ಈಗ ಹೇಳಿ, ಪಾಠದ ‘ನಮಗೆ ಸಹಾಯ ಮಾಡ್ತಾರೆ’ ಅನ್ನುವಲ್ಲಿ ಈ ‘ನಾವು’ ಯಾರು? ಜವಾನ, ಅಗಸ, ಹಜಾಮ, ಗಾಡಿಯವ, ಡಾಕ್ಟರು, ಮೇಷ್ಟ್ರು ಇವರೆಲ್ಲ ಮೇಲ್ಜಾತಿಯ ಮಗುವಿಗೆ ಸಹಾಯಕರು. ಕೇರಿಯ ಮಗುವಿಗೆ ಅವರು ಮುಚ್ಚಿದ ಬಾಗಿಲುಗಳು. ಅಗಸ, ಹಜಾಮರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ನಮ್ಮ ಬಟ್ಟೆ ಮುಟ್ಟಿದರೆ, ನಮ್ಮ ತಲೆ ಮುಟ್ಟಿದರೆ ಅವರ ಆಯವನ್ನೂ ಕಿತ್ತುಕೊಳ್ಳುವ ದೊಡ್ಡವರು ಹಿಂದೆ ನಿಂತಿದ್ದರು.

*

ಹಳ್ಳಿ ಬಿಟ್ಟು ಪೇಟೆಗೆ ಬರೋಣ. ಬೆಂಗಳೂರಿಗೆ ಮುನಿಸಿಪಾಲಿಟಿ ಬಂದದ್ದು 1862ರಲ್ಲಿ. 1898ರಲ್ಲಿ ಪ್ಲೇಗು ಬಂತು. ಆ ಕಾಲದಲ್ಲಿ ಎದ್ದ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳಲ್ಲಿ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಬಿಟ್ಟರು, ಕನ್ಸರ್ವೆನ್ಸಿ ಗಲ್ಲಿ. ಮುಂಬಾಗಿಲಿಗೆ ಅಂಚೆಯವನು ಬರಬೇಕು. ಮಲ ಬಾಚುವವನು ಹಿಂದಿನ ಗಲ್ಲಿಯಿಂದ, ಕಣ್ಣಿಗೆ ಬೀಳದಂತೆ ಬಂದು ಹೋಗಬೇಕು. ಊರಿಗೊಂದು ಹೊಲಗೇರಿ ಇದ್ದ ಹಾಗೆ ಪೇಟೆಯ ನಕ್ಷೆಯಲ್ಲಿ ಒಂದು ಗಲ್ಲಿ.

ಅವನು ‘ಆಗಲ್ಲ’ ಅಂದಿದ್ದರೆ? ಅದಕ್ಕೂ ಕಾನೂನು ಇತ್ತು. 1890ರ ಮುಂಬೈ ಮುನಿಸಿಪಲ್ ನೌಕರರ ಕಾಯ್ದೆಯ ಪ್ರಕಾರ ನೋಟೀಸು ಕೊಡದೆ ಕೆಲಸ ಬಿಟ್ಟರೆ ಜೈಲು. ಗುಮಾಸ್ತ ಕೆಲಸ ಬಿಟ್ಟರೆ ಸಂಬಳ ಹೋಗುತ್ತೆ, ಜಾಡಮಾಲಿ ಬಿಟ್ಟರೆ ಅವನೇ ಒಳಗೆ ಹೋಗುತ್ತಾನೆ.

ಒಂದು ಕಡೆ ಜೈಲು, ಇನ್ನೊಂದು ಕಡೆ ಹೊಗಳಿಕೆ. 1936ರಲ್ಲಿ ಗಾಂಧೀಜಿ ‘ಹರಿಜನ’ ಪತ್ರಿಕೆಯಲ್ಲಿ ಆದರ್ಶ ಭಂಗಿಯ ಬಗ್ಗೆ ಬರೆದರು. ತಾಯಿ ಮಗುವಿಗೆ ಮಾಡುವುದನ್ನು ಭಂಗಿ ಸಮಾಜಕ್ಕೆ ಮಾಡುತ್ತಾನೆ ಎಂಬುದು ಅವರ ಭಾವ. ಅವರು ಆಶ್ರಮದಲ್ಲಿ ತಮ್ಮ ಪಾಯಿಖಾನೆಯನ್ನು ತಾವೇ ತೊಳೆದವರು, ತೊಳೆಸಿದವರು. ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಅಂಬೇಡ್ಕರ್ 1945ರಲ್ಲಿ ಕೊಟ್ಟ ಉತ್ತರದ ತಿರುಳು ಇದು: ಹೊಲಸು ಬಾಚುವುದು ಶ್ರೇಷ್ಠ ಸೇವೆ ಅಂತ ಅದನ್ನು ಬಾಚಲೇಬೇಕಾದ ಜಾತಿಗೆ ಮಾತ್ರ ಬೋಧಿಸುವುದು ಕ್ರೂರ ಅಣಕ. ತಾಯಿಯ ಹೋಲಿಕೆ ಚೆನ್ನಾಗಿದೆ. ತಾಯಿಯನ್ನು ಯಾರೂ ಮನೆಯ ಹಿಂದಿನ ಗಲ್ಲಿಯಿಂದ ಬಾ ಅನ್ನುವುದಿಲ್ಲ.

ಹೊಗಳಿಕೆಯ ಈ ಚಾಳಿ ನಮ್ಮಲ್ಲಿ ಹಳೆಯದು. ಹನ್ನೆರಡನೇ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಗಳ ಗುಡಿಸುವ ಕಾಯಕದ ಸತ್ಯಕ್ಕ ತಮ್ಮ ಕಸುಬಿನ ಹೆಸರನ್ನು ತಲೆಯೆತ್ತಿ ಹೇಳಿಕೊಂಡರು. ಅದು ಮೇಲುಕೀಳನ್ನು ಮುರಿಯಲು ಎತ್ತಿದ ದನಿ. ಕಾಯಕದ ಆ ಮಾತನ್ನು ಇವತ್ತು ಕಚೇರಿಯ ಗೋಡೆಗೆ ಬರೆಸಿ, ಅದರ ಕೆಳಗೆ ಮೂರು ತಿಂಗಳ ಸಂಬಳ ಬಾಕಿ ಇಟ್ಟವರೂ ಇದ್ದಾರೆ.

ಸ್ವಾತಂತ್ರ್ಯ ಬಂದ ಮೇಲೆ ಸಮಿತಿಗಳು ಬಂದವು. 1949ರಲ್ಲಿ ಮುಂಬೈ ಸರಕಾರದ ಬರ್ವೆ ಸಮಿತಿ, 1957ರಲ್ಲಿ ಕೇಂದ್ರದ ಮಲ್ಕಾನಿ ಸಮಿತಿ. ತಲೆಯ ಮೇಲಿನ ಬುಟ್ಟಿ ಕೈಗಾಡಿಗೆ ಇಳಿಯಲಿ ಅಂದವು. ಇಳಿಯಲಿಲ್ಲ. ನಮ್ಮ ನಾಡಿನಲ್ಲಿ 1970ರ ದಶಕದ ಆರಂಭದಲ್ಲಿ, ದೇವರಾಜ ಅರಸು ಸಂಪುಟದ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರಲ್ಲಿ ಅವರಾಡಿದ ‘ಬೂಸಾ’ ಮಾತು ಎಲ್ಲರಿಗೂ ನೆನಪಿದೆ. ಬುಟ್ಟಿ ಇಳಿಸಿದ ಆಜ್ಞೆ ಎಷ್ಟು ಜನಕ್ಕೆ ನೆನಪಿದೆ? ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಪೌರಕಾರ್ಮಿಕರ ಸ್ಥಿತಿಗತಿಯ ವರದಿ ಕೊಟ್ಟಿತು. ಅದನ್ನು ಜಾರಿ ಮಾಡಿ ಅಂತ ಆಮೇಲೆ ದಶಕಗಟ್ಟಲೆ ಕೂಗಬೇಕಾಯಿತು.

ಪಾರ್ಲಿಮೆಂಟು 1993ರಲ್ಲಿ ಒಂದು ನಿಷೇಧ ಕಾಯ್ದೆ ಮಾಡಿತು, 2013ರಲ್ಲಿ ಇನ್ನೊಂದು. ಅವೆರಡರ ನಡುವೆ, 2010ರ ಜುಲೈ 20ರಂದು, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಇದ್ದ ಜಾಗದಿಂದ ಅವರನ್ನು ಎಬ್ಬಿಸಲು ಹೊರಟಿದ್ದರು. ಊರಿನ ಹೊಲಸು ಹೊತ್ತವರಿಗೆ ಊರಿನಲ್ಲಿ ಕಾಲೂರಲು ಜಾಗವಿಲ್ಲ. ‘ಆಗಲ್ಲ’ ಅನ್ನಲು ಅವರಿಗೆ ಉಳಿದದ್ದು ಅದೊಂದೇ ಭಾಷೆ.

ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾದ ಕಾಲ ಬಂತು ಅಂದರೆ ಸಾವು ನಿಂತಿಲ್ಲ ಅಂತ ಅರ್ಥ.

*

‘ಸಹಾಯಕ’ ಅನ್ನುವ ಪದವನ್ನೇ ಇನ್ನೊಮ್ಮೆ ನೋಡಿ. 1975ರ ಅಕ್ಟೋಬರ್ 2ರಂದು ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ. ಅಂಗನವಾಡಿಯಲ್ಲಿ ಒಬ್ಬಳು ಕಾರ್ಯಕರ್ತೆ, ಒಬ್ಬಳು ಸಹಾಯಕಿ. ಮಕ್ಕಳನ್ನು ಮನೆಯಿಂದ ಕರೆತಂದು, ನೀರು ಹಿಡಿದು, ಬೇಯಿಸಿ ಹಾಕಿ, ಕುಂಡಿ ತೊಳೆಯುವ ಹೆಂಗಸು ‘ಸಹಾಯಕಿ’. ಅವಳಿಗೆ ಕೊಡುವುದಕ್ಕೆ ಸಂಬಳ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಹೆಸರಿನಲ್ಲಿ ಗೌರವ ಇಟ್ಟು ಧನದಲ್ಲಿ ಕಡಿತ ಮಾಡಿದ್ದಾರೆ. ಇವರಿಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟು ಹೇಳಲು 2022 ಆಗಬೇಕಾಯಿತು. ಕೆಲಸಗಾರ ಅಂದರೆ ಕೂಲಿ, ರಜೆ, ಪಿಂಚಣಿ ಕೊಡಬೇಕು. ಸಹಾಯಕ ಅಂದರೆ ‘ಥ್ಯಾಂಕ್ಸ್’ ಹೇಳಿದರೆ ಆಯಿತು. ಪದದ ಒಳಗಿನ ಮಸಲತ್ತು ಇದು.

ಬಿಸಿಯೂಟದ ಅಡುಗೆಗೆ ದಲಿತ ಹೆಂಗಸರಿಗೆ ಆದ್ಯತೆ ಕೊಡಿ ಅಂತ 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದಾಗಿ ಹತ್ತು ವರ್ಷದ ಮೇಲೂ, ದಲಿತ ಹೆಂಗಸು ಅಡುಗೆ ಮಾಡುತ್ತಾಳೆ ಅಂತ ಕೋಲಾರ ಜಿಲ್ಲೆಯ ಒಂದು ಹಳ್ಳಿ ಶಾಲೆಯಿಂದ ಊರಿನವರು ಮಕ್ಕಳನ್ನೇ ಬಿಡಿಸಿಕೊಂಡು ಹೋದರು. ಆ ಮಕ್ಕಳೂ ‘ನಮ್ಮ ಸಹಾಯಕರು’ ಓದಿದ ಮಕ್ಕಳೇ. ಅದೇ ಜಿಲ್ಲೆಯಲ್ಲಿ 2023ರ ಡಿಸೆಂಬರಿನಲ್ಲಿ ಒಂದು ವಸತಿ ಶಾಲೆಯ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಶಾಲೆಯೊಳಗೇ ಮಕ್ಕಳನ್ನು ತೋಟಿಗಳನ್ನಾಗಿ ಮಾಡಿದರು.

ಆದರೂ ಚರಿತ್ರೆ ಒಂದೇ ಕಡೆ ನಡೆಯುವುದಿಲ್ಲ. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಖಾಯಂ ಮಾಡುವ ತನಕ ಕಸ ತೆಗೆಯುವುದಿಲ್ಲ ಅಂದರು. ಅವರಲ್ಲಿ ಹೆಚ್ಚಿನವರು ಹೆಂಗಸರು. ನಾಲ್ಕನೇ ದಿನಕ್ಕೆ ಸರಕಾರ ಬರವಣಿಗೆಯಲ್ಲಿ ಮಾತು ಕೊಟ್ಟಿತು, ಸೆಪ್ಟೆಂಬರಿನಲ್ಲಿ 11,133 ಮಂದಿಯ ಖಾಯಮಾತಿಗೆ ಸಂಪುಟ ಒಪ್ಪಿತು. 2020ರ ಕೊರೋನಾ ಕಾಲದಲ್ಲಿ ಹಾರ ಹಾಕಿ, ಹೂ ಸುರಿದು, ಚಪ್ಪಾಳೆ ತಟ್ಟಿದಾಗ ಆಗದ ಕೆಲಸ, ‘ಆಗಲ್ಲ’ ಅಂದಾಗ ಆಯಿತು.

*

ಮೇಷ್ಟ್ರುಗಳೇ, ಪಾಠವನ್ನು ಬಿಡಬೇಡಿ. ತಿರುವಿ ಹಾಕಿ. ಕೇಂದ್ರದ ಎನ್‌ಸಿಇಆರ್‌ಟಿ 2005ರ ಪಠ್ಯಕ್ರಮ ಚೌಕಟ್ಟಿನ ನಂತರ ತಂದ ಐದನೇ ತರಗತಿಯ ಪರಿಸರ ಅಧ್ಯಯನ ಪುಸ್ತಕದಲ್ಲಿ ‘ಈ ಕೆಲಸವನ್ನು ಯಾರು ಮಾಡುತ್ತಾರೆ?’ ಅನ್ನುವ ಅರ್ಥದ ಒಂದು ಪಾಠ ಇತ್ತು. ಮಲ ಬಾಚುವವರ ಮಾತು, ಹುಡುಗ ಭೀಮರಾಯನ ಅನುಭವ ಅದರಲ್ಲಿದ್ದವು. ಅಂದರೆ ಹತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತೆ. ಅರ್ಥವಾಗುವುದಿಲ್ಲ ಅನ್ನುವುದು ದೊಡ್ಡವರ ನೆಪ.

ನನ್ನ ಕ್ಲಾಸಿನಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ. ನಿಮ್ಮಪ್ಪ ಏನು ಕೆಲಸ ಅಂತ ತುಂಬಿದ ಕ್ಲಾಸಿನಲ್ಲಿ ಯಾವ ಮಗುವನ್ನೂ ನಿಲ್ಲಿಸಿ ಕೇಳಬೇಡಿ. ಚಾರ್ಟಿನ ಒಂದೊಂದು ಚಿತ್ರದ ಮುಂದೆಯೂ ನಾಲ್ಕು ಪ್ರಶ್ನೆ ಕೇಳಿ. ಈ ಕೆಲಸ ಕಲಿಯಲು ಏನೇನು ಗೊತ್ತಿರಬೇಕು? ಇದಕ್ಕೆ ದಿನಕ್ಕೆ ಎಷ್ಟು ಕೂಲಿ ಸಿಗುತ್ತೆ? ಈ ಕೆಲಸವನ್ನು ಯಾಕೆ ಕೆಲವರೇ ಮಾಡ್ತಾರೆ, ಎಲ್ಲರೂ ಯಾಕೆ ಮಾಡಲ್ಲ? ಇವರು ಒಂದು ದಿನ ‘ಆಗಲ್ಲ’ ಅಂದರೆ ಊರಿಗೆ ಏನಾಗುತ್ತೆ, ಅವರಿಗೆ ಏನಾಗುತ್ತೆ? ಬೀದಿ ಗುಡಿಸುವ ಅವ್ವನನ್ನು ಶಾಲೆಗೆ ಕರೆಸಿ, ನಿಮ್ಮ ಕುರ್ಚಿಯಲ್ಲಿ ಕೂರಿಸಿ, ಅವಳ ಕೆಲಸದ ಬಗ್ಗೆ ಅವಳೇ ಹೇಳಲಿ. ಚಾರ್ಟಿನಲ್ಲಿ ಜಾಗವಿಲ್ಲದ ಸೂಲಗಿತ್ತಿಯ ಚಿತ್ರ ಮಕ್ಕಳಿಂದಲೇ ಬರೆಸಿ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನಿಗೆ 2018ರಲ್ಲಿ ಪದ್ಮಶ್ರೀ ಬಂತು, ನಮ್ಮ ಚಾರ್ಟಿಗೆ ಅವಳು ಇನ್ನೂ ಬಂದಿಲ್ಲ. ಕ್ಲಾಸು ಗುಡಿಸುವ ಪಾಳಿ ಎಲ್ಲ ಮಕ್ಕಳಿಗೂ ಇರಲಿ, ಹುಡುಗರಿಗೂ, ಊರಗೌಡರ ಮಗನಿಗೂ. ಮಲದ ಗುಂಡಿ ಮಾತ್ರ ಯಾವ ಮಗುವಿಗೂ ಬೇಡ.

ಕೊನೆಗೆ ಅಪ್ಪನ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಅವನು ‘ಆಗಲ್ಲ’ ಅಂದದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ. ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷವೇ, ಅಪ್ಪ ಚಳಿಜ್ವರದಲ್ಲಿ ಮಲಗಿದ್ದ. ಊರಿನಲ್ಲಿ ಸಾವಾಗಿತ್ತು, ಸುದ್ದಿ ಮುಟ್ಟಿಸಬೇಕು. ದೊಡ್ಡಮನೆಯವರು ಕೇರಿಯ ಬಾಯಲ್ಲಿ ನಿಂತು, ‘ನಿನ್ ಕೈಲಾಗದಿದ್ರೆ ನಿನ್ ಮಗನ್ನ ಕಳಿಸ್ಲಾ’ ಅಂದರು. ಅಪ್ಪ ಕಂಬಳಿ ಹೊದ್ದುಕೊಂಡೇ ಎದ್ದು ಬಂದು ಬಾಗಿಲಲ್ಲಿ ನಿಂತ. ‘ಅವ್ನು ಇಸ್ಕೂಲಿಗೆ ಹೋಗ್ಬೇಕು ಬುದ್ಧಿ. ಆಗಲ್ಲ’ ಅಂದ.

ಆ ಸುಗ್ಗಿಯಲ್ಲಿ ಕಣದಿಂದ ನಮ್ಮ ಪಾಲಿನ ಆಯ ಬರಲಿಲ್ಲ. ನಾನು ಪಾಸಾಗಿ ನಾಲ್ಕನೇ ಕ್ಲಾಸಿಗೆ ಹೋದೆ.